ಒಂದು ಹಾಡಿನಷ್ಟು ಹೊತ್ತು

ನಮ್ಮ ಅತ್ತಿಗೆ ಡೋಲು ಬಾರಿಸುವುದನ್ನು ನೀವು ನೋಡಬೇಕಿತ್ತು. ನೋಡಿಲ್ಲವೆಂದರೆ ನಿಮ್ಮ ಹಣೆಬರಹ, ನಾನೇನು ಮಾಡಲಿ. ಅವಳ ಎತ್ತರ ಐದಡಿಗೆ ಎರಡಂಗುಲ ಕಮ್ಮಿ, ಡೋಲಿನ ಅಗಲವೇ ಮೂರಡಿ. ಎದುರಿನಿಂದ ನೋಡಿದರೆ ಡೋಲಿಗೇ ಎರಡು ಕಾಲು ಮೂಡಿ, ಮೇಲೊಂದು ಟೋಪಿ ಇಟ್ಟುಕೊಂಡು ಬರುತ್ತಿದೆ ಅನ್ನಿಸುತ್ತದೆ. ಆದರೆ ಅವಳ ಮೊದಲ ಏಟು ಬಿತ್ತೋ, ಬೀದಿಯ ಅಂಗಡಿಗಳ ಗಾಜೆಲ್ಲ ಗದಗದ ಎನ್ನಬೇಕು, ಮಹಡಿಯ ಕಿಟಕಿಗಳಿಂದ ತಲೆಗಳು ಇಣುಕಬೇಕು. ಇಪ್ಪತ್ತೆರಡು ಜನರ ಬ್ಯಾಂಡು ಅವಳ ಕೈಯನ್ನು ನಂಬಿ ಹೆಜ್ಜೆ ಹಾಕುತ್ತದೆ. ಬ್ಯಾಂಡಿನವರು ಅವಳಿಗಿಟ್ಟ ಹೆಸರು ಗುಡುಗು. ಅವಳ ಬೆನ್ನ ಹಿಂದೆ ನಿಂತು ಹಿತ್ತಾಳೆಯ ಎರಡು ದೊಡ್ಡ ತಾಳಗಳನ್ನು ಬಡಿಯುವವಳು ನಾನು. ನನಗಿಟ್ಟ ಹೆಸರು ಪಟಾಕಿ. ಅದು ತಾಳದಿಂದ ಬಂದದ್ದಲ್ಲ, ಬಾಯಿಯಿಂದ ಬಂದದ್ದು.

ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು. ಬಹುವಚನ ಹಚ್ಚಿದರೆ ಕಿವಿ ಹಿಂಡುತ್ತಾಳೆ, ಅದಕ್ಕೇ ಈ ಏಕವಚನ. ನಾವಿಬ್ಬರೂ ಗುಂಡಿ ಕಾರ್ಖಾನೆಯವರು. ಅಂಗಿಯ ಗುಂಡಿ, ಕೋಟಿನ ಗುಂಡಿ, ದಿಂಬಿನ ಚೀಲದ ಗುಂಡಿ, ಎಲ್ಲವೂ ನಮ್ಮಲ್ಲೇ ಆಗುತ್ತವೆ. ನಾನು ಗುಂಡಿಗಳನ್ನು ರಟ್ಟಿಗೆ ಹೊಲಿಯುವವಳು, ಒಂದು ರಟ್ಟಿಗೆ ಹನ್ನೆರಡು. ಅವಳು ಮೊದಲು ತೂತು ಕೊರೆಯುವ ಯಂತ್ರದಲ್ಲಿದ್ದಳು. ಒಂದು ಬೆಳಿಗ್ಗೆ ಯಂತ್ರದ ಪಕ್ಕದಲ್ಲೇ ಫಿಟ್ಸ್ ಬಂದು ಬಿದ್ದಳು. ಅವಳ ಕೈಗೂ ಕೊರೆಯುವ ಸೂಜಿಗೂ ಒಂದು ಗೇಣು ಅಂತರವಿತ್ತು, ಅಷ್ಟೇ. ಮಾರನೆಯ ದಿನದಿಂದ ಅವಳನ್ನು ವಿಂಗಡಿಸುವ ಕೋಣೆಗೆ ಹಾಕಿದರು. ಉದ್ದನೆಯ ಮೇಜು, ಮೇಲೆ ಬಿಳಿ ದೀಪ, ಮುಂದೆ ಚಪ್ಪಟೆ ತಟ್ಟೆ. ಬಿರುಕು ಬಿಟ್ಟಿದ್ದು, ಬಣ್ಣ ತಪ್ಪಿದ್ದು, ಮೂರೇ ತೂತಿರುವುದು, ಎಲ್ಲವನ್ನೂ ಬೆರಳಲ್ಲೇ ಆರಿಸಿ ಆಚೆ ಹಾಕಬೇಕು. ಯಂತ್ರ ಬಿಟ್ಟದ್ದಕ್ಕೆ ಅವಳು ಅತ್ತಿದ್ದು ಒಂದೇ ದಿನ. ಎರಡನೆಯ ದಿನವೇ ಡೋಲಿನ ಕಡ್ಡಿಯನ್ನು ಚೀಲದಲ್ಲಿಟ್ಟುಕೊಂಡು ಬಂದು, ಸಂಜೆ ಪ್ಯಾಕಿಂಗ್ ಕೋಣೆಯ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು, ಬಾರಿಸಿದ್ದೇ ಬಾರಿಸಿದ್ದು. ಯಂತ್ರ ಹೋಯಿತು, ಡೋಲು ಉಳಿಯಿತಲ್ಲ ಎಂದಳು.

ಫಿಟ್ಸ್ ಅವಳಿಗೆ ಹದಿನಾರನೆಯ ವಯಸ್ಸಿನಿಂದ ಇದೆ. ಮೊದಲೇ ಗೊತ್ತಾಗುವುದಿಲ್ಲವಾ ಎಂದು ಜನ ಕೇಳುತ್ತಾರೆ. ಗೊತ್ತಾಗುವುದಿಲ್ಲ, ಮಹಾರಾಯರೇ. ಕೆಲವರಿಗೆ ಗೊತ್ತಾಗುತ್ತದಂತೆ, ಅವಳಿಗಿಲ್ಲ. ಮಾತಾಡುತ್ತಾ ಇರುವವಳು ಮರದ ಹಲಗೆಯಂತೆ ಬಿಗಿಯಾಗಿ ದಡ್ಡನೆ ಬೀಳುತ್ತಾಳೆ, ಆಮೇಲೆ ಕೈಕಾಲೆಲ್ಲ ಅದುರುತ್ತವೆ. ಎದ್ದ ಮೇಲೆ ಅವಳಿಗೆ ಒಂದೂ ನೆನಪಿರುವುದಿಲ್ಲ. ಮದುವೆಗೆ ಮುಂಚೆ ನಮ್ಮಣ್ಣನಿಗೆ ಇದನ್ನೆಲ್ಲ ಅವಳೇ ಕೂರಿಸಿ ಹೇಳಿದ್ದಳು. ಅಣ್ಣ ಪರವಾಗಿಲ್ಲ ಅಂದಿದ್ದ. ಒಳ್ಳೆಯವನೇ ನಮ್ಮಣ್ಣ. ಬಸ್ಸಿನ ಡ್ರೈವರು, ಐವತ್ತು ಜನರ ಜೀವ ಕೈಯಲ್ಲಿ ಹಿಡಿದುಕೊಂಡು ಊರೆಲ್ಲ ಸುತ್ತುತ್ತಾನೆ. ಆದರೆ ಹೆಂಡತಿ ಬಿದ್ದಳೆಂದರೆ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬಾಗಿಲು ತೆಗೆದು ಹೊರಗೆ ಓಡುತ್ತಾನೆ, ಮೆಟ್ಟಿಲು ಹತ್ತಿ ಮೇಲಿನ ನಮ್ಮ ಮನೆಯ ಬಾಗಿಲು ಬಡಿಯುತ್ತಾನೆ, ನನ್ನನ್ನು ಎಳೆದು ತಂದು ತಮ್ಮ ಮನೆಯೊಳಗೆ ತಳ್ಳಿ ತಾನು ಮೆಟ್ಟಿಲ ಮೇಲೆ ತಲೆ ಹಿಡಿದು ಕೂರುತ್ತಾನೆ. ಎಂಟು ವರ್ಷದಲ್ಲಿ ಒಂದು ಸಲವೂ ಅವನು ಅದನ್ನು ಕೊನೆಯವರೆಗೆ ನೋಡಿದವನಲ್ಲ. ಈ ವಿಷಯಕ್ಕೆ ನಾನು ಅವನಿಗೆ ಬೈದಿರುವುದನ್ನೆಲ್ಲ ಇಲ್ಲಿ ಬರೆದರೆ ಚೆನ್ನಾಗಿರುವುದಿಲ್ಲ.

ಈಗ ನಮ್ಮ ಬ್ಯಾಂಡಿನ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಬ್ಯಾಂಡ್ ಮಾಸ್ತರು ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿ ನೋಡಿಕೊಳ್ಳುತ್ತಿದ್ದವರು. ನಿವೃತ್ತರಾದರೂ ಬೆರಳಿನ ನೀಲಿ ಹೋಗಿಲ್ಲ, ಜೋರೂ ಹೋಗಿಲ್ಲ. ಅವರ ಕಟ್ಟಪ್ಪಣೆ ಒಂದೇ: ಶುರುವಾದ ಹಾಡು ನಿಲ್ಲಕೂಡದು. ಮಳೆ ಬರಲಿ, ಯಾರಾದರೂ ಬೀಳಲಿ, ಹಾಡು ಸಾಗಲೇಬೇಕು. ಅದಕ್ಕೆ ಕಾರಣವೂ ಇತ್ತು. ಅವರು ಹರೆಯದಲ್ಲಿದ್ದಾಗ ಒಂದು ಮೆರವಣಿಗೆಯಲ್ಲಿ ಯಾರೋ ತಲೆಸುತ್ತಿ ಬಿದ್ದರಂತೆ, ಬ್ಯಾಂಡು ನಿಂತಿತಂತೆ, ಏನಾಯಿತು ಏನಾಯಿತು ಎಂದು ಜನ ನುಗ್ಗಿ ಬಿದ್ದವನ ಪಕ್ಕೆಲುಬನ್ನೇ ಮುರಿದರಂತೆ. ಹಾಗಾಗಿ ಅತ್ತಿಗೆ ಬಿದ್ದರೆ ನಮ್ಮದೊಂದು ಕ್ರಮವಿತ್ತು. ಊದುವವರೆಲ್ಲ ಅವಳ ಸುತ್ತ ಜನರ ಕಡೆ ಮುಖ ಮಾಡಿ ಗೋಡೆಯಂತೆ ನಿಲ್ಲಬೇಕು, ಸಣ್ಣ ಡೋಲಿನವರು ಲಯ ಹಿಡಿಯಬೇಕು, ನಾನು ತಾಳ ಕೆಳಗಿಟ್ಟು ಅವಳ ಪಕ್ಕ ಕೂರಬೇಕು. ಹಾಡು ಮುಗಿಯುವಷ್ಟರಲ್ಲಿ ಅವಳೂ ಸುಮ್ಮನಾಗಿರುತ್ತಿದ್ದಳು. ನಾವು ಎಷ್ಟು ಜಾಣರು ಎಂದು ನಮಗೆ ನಾವೇ ಬೆನ್ನು ತಟ್ಟಿಕೊಳ್ಳುತ್ತಿದ್ದೆವು.

ಎರಡು ವರ್ಷದಲ್ಲಿ ಬ್ಯಾಂಡಿನಲ್ಲಿ ಮೂರು ಸಲ ಹೀಗಾಯಿತು. ಪ್ರತಿ ಸಲವೂ ಆಸ್ಪತ್ರೆಯ ಡಾಕ್ಟರಮ್ಮ ಕೇಳುವ ಮೊದಲ ಪ್ರಶ್ನೆ, ಎಷ್ಟು ಹೊತ್ತು ಬಂದಿತ್ತು ಎಂದು. ನಮ್ಮ ಉತ್ತರ ಸಿದ್ಧವಾಗಿರುತ್ತಿತ್ತು: ಒಂದು ಹಾಡಿನಷ್ಟು ಹೊತ್ತು. ನಮ್ಮ ನಡಿಗೆಯ ಹಾಡು ಮೂರೂವರೆ ನಿಮಿಷದ್ದು, ಅದರಲ್ಲಿ ಅನುಮಾನವೇ ಇಲ್ಲ. ಅವಳು ಬೀಳುವುದು ಹಾಡಿನ ನಡುವೆ, ಅಂದರೆ ಎರಡು ನಿಮಿಷ. ಡಾಕ್ಟರಮ್ಮ ಎರಡು ಎಂದು ಬರೆದುಕೊಳ್ಳುತ್ತಿದ್ದರು. ಬರೆದುಕೊಂಡು ಹುಬ್ಬು ಗಂಟಿಕ್ಕುತ್ತಿದ್ದರು. ಎರಡು ನಿಮಿಷದ ಫಿಟ್ಸಿಗೆ ಇವರು ಸಂಜೆಯವರೆಗೂ ಮಂಕಾಗಿರುವುದೇಕೆ, ಮಾತು ತೊದಲುವುದೇಕೆ ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇಪ್ಪತ್ತೊಂದು ಜನ ಸಾಕ್ಷಿ ಇದ್ದೇವೆ, ಎಲ್ಲರೂ ಲಯದಲ್ಲಿ ಪಳಗಿದವರು, ನಮಗಿಂತ ಇವರಿಗೆ ಗೊತ್ತೇ ಎಂದುಕೊಳ್ಳುತ್ತಿದ್ದೆ.

ಮೂರನೆಯ ಸಲ ಅವಳು ಬಿದ್ದದ್ದು ಕಾರ್ಖಾನೆಯ ವಾರ್ಷಿಕೋತ್ಸವದ ದಿನ, ಅಂಗಳದಲ್ಲಿ. ಕ್ಯಾಂಟೀನಿನ ಅಕ್ಕ ತನ್ನ ಗಂಡ ಟ್ರಂಪೆಟ್ ಊದುವುದನ್ನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಗಾಬರಿಯಲ್ಲಿ ಅದನ್ನು ಆರಿಸಲು ಮರೆತು ಹಾಗೇ ಹಿಡಿದು ನಿಂತಿದ್ದಾಳೆ. ನಾಲ್ಕು ದಿನ ಬಿಟ್ಟು ಊಟದ ಹೊತ್ತಿನಲ್ಲಿ ಅದನ್ನು ನನಗೆ ಕಳಿಸಿದಳು, ಬೇಡವಾದರೆ ಅಳಿಸಿಬಿಡು ಎಂದಳು. ನಾನು ಹೊಲಿಗೆ ಮೇಜಿನ ಹತ್ತಿರ ಕೂತು ಇಯರ್‌ಫೋನ್ ಕಿವಿಗೆ ಹಚ್ಚಿಕೊಂಡು ನೋಡಿದೆ. ಮೊದಲು ಕಂಡದ್ದು ನನ್ನ ಟೋಪಿ ಸೊಟ್ಟಗಿದ್ದದ್ದು. ಯಾರೂ ಹೇಳಲಿಲ್ಲವಲ್ಲ, ದರಿದ್ರದವರು ಎಂದು ಬೈದುಕೊಂಡೆ.

ಆಮೇಲೆ ಕಿವಿ ಚುರುಕಾಯಿತು. ನಮ್ಮ ಹಾಡಿನ ನಡುವೆ ಒಂದು ಮೆಲುಭಾಗವಿದೆ, ಕ್ಲಾರಿನೆಟ್ಟಿನವರು ಮಾತ್ರ ನುಡಿಸುವುದು. ಅಲ್ಲಿ ತಾಳದವಳಿಗೆ ಎಣಿಸುವುದೊಂದೇ ಕೆಲಸ. ಹತ್ತು ವರ್ಷದಿಂದ ಅದನ್ನು ಎಣಿಸಿದವಳು ನಾನು, ನಿದ್ದೆಯಲ್ಲಿ ಕೇಳಿದರೂ ಗುರುತಿಸುತ್ತೇನೆ. ಹಾಡಿಗೆ ಅದು ಬರುವುದು ಒಂದೇ ಸಲ. ವಿಡಿಯೋದಲ್ಲಿ ಅತ್ತಿಗೆ ಬಿದ್ದಳು, ಸ್ವಲ್ಪ ಹೊತ್ತಿಗೆ ಮೆಲುಭಾಗ ಬಂತು. ಹಾಡು ಮುಗಿಯುತ್ತಾ ಬಂತು. ಮುಗಿಯಲಿಲ್ಲ. ಮತ್ತೆ ಮೆಲುಭಾಗ ಬಂತು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಮೂರನೆಯ ಸಲವೂ ಬಂತು. ನಾನು ಫೋನನ್ನು ಮೂಗಿಗೆ ಹಿಡಿದು ನೋಡಿದರೆ, ಮಾಸ್ತರ ಬಲಗೈ ಲಯ ಹಾಕುತ್ತಿದೆ, ಎಡಗೈಯ ತೋರುಬೆರಳು ಗಾಳಿಯಲ್ಲಿ ಸುತ್ತು ಹಾಕುತ್ತಿದೆ. ಆ ಸನ್ನೆಗೆ ನಮ್ಮಲ್ಲಿ ಮೊದಲಿನಿಂದ ಮತ್ತೆ ನುಡಿಸಿ ಎಂದು ಅರ್ಥ. ಅವಳು ಏಳುವವರೆಗೂ ಹಾಡು ಮುಗಿಯಬಾರದೆಂದು ಅವರು ಸುತ್ತಿಸುತ್ತಲೇ ಇದ್ದರು, ಊದುವವರು ಸುತ್ತುತ್ತಲೇ ಇದ್ದರು, ಒಬ್ಬರಿಗೂ ಎಣಿಕೆ ಇರಲಿಲ್ಲ. ಬಾಗಿ ಕೂತಿದ್ದ ನನಗೂ ಇರಲಿಲ್ಲ. ಅವಳು ಬಿದ್ದಲ್ಲಿಂದ ಅದುರುವುದು ನಿಲ್ಲುವವರೆಗೆ ಫೋನು ತೋರಿಸಿದ್ದು ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಒಂದು ಹಾಡಂತೆ, ಎರಡು ನಿಮಿಷವಂತೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಊಟದ ಡಬ್ಬಿ ತೆರೆದದ್ದು ತೆರೆದಂತೆ ಬಿಟ್ಟು ಎದ್ದೆ. ವಿಂಗಡಿಸುವ ಕೋಣೆಗೆ ಹೋಗಿ ಅತ್ತಿಗೆಯ ರಟ್ಟೆ ಹಿಡಿದು ಎಬ್ಬಿಸಿದೆ, ಮೇಲ್ವಿಚಾರಕರು ಏನೇನೋ ಕೇಳುತ್ತಿದ್ದರು, ಬಂದು ಹೇಳುತ್ತೇನೆ ಎಂದೆ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲ, ಆಸ್ಪತ್ರೆಗೆ ಮೂರು ನಿಲ್ದಾಣದ ದೂರ ಓಡುನಡಿಗೆಯಲ್ಲೇ ಹೋದೆವು. ದಾರಿಯಲ್ಲಿ ನಾನು ಹೇಳಿದ್ದು ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೂ ಅವಳ ಮುಖ ಅರಳುತ್ತಿತ್ತು. ಎಷ್ಟೋ ವರ್ಷದಿಂದ ತನ್ನ ಮೈಗೆ ಏನಾಗುತ್ತಿದೆ ಎಂದು ಕೇಳಿದವಳಿಗೆ ಮೊದಲ ಸಲ ಒಂದು ನಿಜವಾದ ಲೆಕ್ಕ ಸಿಕ್ಕಿತ್ತು.

ಡಾಕ್ಟರಮ್ಮ ವಿಡಿಯೋವನ್ನು ಎರಡು ಸಲ ನೋಡಿದರು. ನೋಡಿ ತಮ್ಮ ಕುರ್ಚಿಯನ್ನು ಅತ್ತಿಗೆಯ ಹತ್ತಿರಕ್ಕೆ ಎಳೆದುಕೊಂಡರು. ಮಿದುಳಿನ ಎರಡೂ ಕಡೆ ಒಂದೇ ಸಲಕ್ಕೆ ಇದು ಶುರುವಾಗುತ್ತದೆ, ಅದಕ್ಕೇ ನಿಮಗೆ ಮುನ್ಸೂಚನೆ ಸಿಗುವುದಿಲ್ಲ ಎಂದರು. ನಿಮ್ಮ ಇಪ್ಪತ್ತೆರಡು ಜನರೂ ಮಾಸ್ತರ ಕೈ ನೋಡುವುದನ್ನು ಬಿಟ್ಟು ಒಟ್ಟಿಗೆ ಒಂದೇ ಏಟು ಬಡಿಯತೊಡಗಿದ ಹಾಗೆ ಎಂದರು. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮಿದುಳು ತಾನೇ ಅದನ್ನು ನಿಲ್ಲಿಸಿಕೊಳ್ಳುತ್ತದೆ, ಕೆಲವೊಮ್ಮೆ ನಿಲ್ಲಿಸಲು ಅದಕ್ಕೆ ಆಗುವುದಿಲ್ಲ.

“ಐದು ನಿಮಿಷ ದಾಟಿದ್ರೆ ತಾನಾಗೇ ನಿಲ್ಲುತ್ತೆ ಅಂತ ಕಾಯಬಾರದು. ಹೊತ್ತಾದಷ್ಟೂ ನಿಲ್ಸೋದು ಕಷ್ಟ, ಜೀವಕ್ಕೇ ಅಪಾಯ. ಮೂರು ಸಲ ನೀವು ಬದುಕಿ ಬಂದಿದ್ದೀರ. ನನಗೆ ಎರಡು ನಿಮಿಷ ಅಂತ ಹೇಳಿದ್ರಿ, ನಾನು ಎರಡು ನಿಮಿಷಕ್ಕೆ ಔಷಧ ಕೊಟ್ಟೆ.”

  ಆಗ ಅತ್ತಿಗೆ ತಲೆ ತಗ್ಗಿಸಿ, ಯಾರೂ ಕೇಳದೇ ಇದ್ದ ಒಂದು ವಿಷಯವನ್ನು ತಾನಾಗಿಯೇ ಹೇಳಿದಳು. ಬ್ಯಾಂಡ್ ಇರುವ ದಿನ ಅವಳು ಬೆಳಗಿನ ಮಾತ್ರೆ ನುಂಗುತ್ತಿರಲಿಲ್ಲವಂತೆ. ನುಂಗಿದರೆ ಕೈ ಭಾರ, ಏಟು ಅರೆಕ್ಷಣ ತಡ. ಅವಳು ತಡವಾದರೆ ಇಪ್ಪತ್ತೆರಡು ಜನರೂ ತಡ. ಎಲ್ಲಿ ಡೋಲು ಕಿತ್ತುಕೊಳ್ಳುತ್ತಾರೋ ಎಂದು ಯಾರಿಗೂ ಹೇಳಿರಲಿಲ್ಲ. ನಾನು ಬೈಯಲು ಬಾಯಿ ತೆರೆದೆ, ಡಾಕ್ಟರಮ್ಮ ಕೈ ಅಡ್ಡ ಹಿಡಿದರು. ಅವರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದರು, ಮಾತ್ರೆ ತಪ್ಪಿದ ದಿನವೇ ಫಿಟ್ಸ್ ಬಂದಿರುವುದನ್ನು ಬೆರಳು ಮಡಚಿ ತೋರಿಸಿದರು. ನಿಲ್ಲಿಸುವುದಕ್ಕೆ ಬದಲು ಬದಲಾಯಿಸೋಣ ಎಂದು, ಮಾತ್ರೆಯ ದೊಡ್ಡ ಪಾಲನ್ನು ಮಲಗುವ ಹೊತ್ತಿಗೆ ಸರಿಸಿ, ಜೊತೆಗೆ ಇನ್ನೊಂದನ್ನು ಬರೆದರು. ಒಂದು ಮಾತ್ರೆಯೂ ತಪ್ಪಬಾರದು, ನಿದ್ದೆ ಕೆಡಬಾರದು. ಆಮೇಲೆ ಮೂಗಿಗೆ ಹಾಕುವ ಒಂದು ಸಣ್ಣ ಸ್ಪ್ರೇ ಕೊಟ್ಟು, ಅದನ್ನು ಹಿಡಿಯುವುದು ಹೇಗೆ, ಒತ್ತುವುದು ಹೇಗೆ ಎಂದು ನನ್ನ ಕೈಯಲ್ಲೇ ಮಾಡಿಸಿದರು. ಐದು ನಿಮಿಷಕ್ಕೆ ಇದು, ಜೊತೆಗೇ ಆಂಬುಲೆನ್ಸಿಗೆ ಫೋನು. ಒಂದು ಹಾಳೆಯಲ್ಲಿ ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಮೇಲುಗಡೆ ಬರೆದದ್ದು, ಗಡಿಯಾರ ನೋಡಿ.

ಮನೆಯಲ್ಲಿ ಹಾಳೆಯನ್ನು ಓದಿದ ಅಣ್ಣ ಡೋಲು ಬೇಡ ಎಂದುಬಿಟ್ಟ. ಕಾರ್ಖಾನೆಯೂ ಬೇಡ, ಮನೆಯಲ್ಲಿ ಹಾಯಾಗಿರು ಎಂದ. ಪ್ರೀತಿಯಿಂದಲೇ ಅಂದ, ಅದೇ ಕಷ್ಟ. ಆರು ವಾರದಲ್ಲಿ ಎಲ್ಲ ಕಾರ್ಖಾನೆಗಳ ಬ್ಯಾಂಡುಗಳ ಸ್ಪರ್ಧೆ ಇತ್ತು, ನಾವು ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಯ್ಕೆಯಾಗಿದ್ದೆವು. ಅತ್ತಿಗೆ ಅಳಲಿಲ್ಲ, ಕೂಗಾಡಲಿಲ್ಲ. ತಟ್ಟೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಅವನ ಎದುರು ಕೂತಳು.

“ಮನೇಲಿ ಒಬ್ಬಳೇ ಇದ್ದಾಗ ಬಿದ್ರೆ ಗಡಿಯಾರ ನೋಡೋರು ಯಾರು? ನೀವು ಮನೇಲಿದ್ರೂ ಮೆಟ್ಟಿಲ ಮೇಲಿರ್ತೀರ. ಅಲ್ಲಿ ಬಿದ್ರೆ ಇಪ್ಪತ್ತೊಂದು ಜನ ಇರ್ತಾರೆ. ಹೇಳಿ, ನಾನು ಎಲ್ಲಿರಲಿ?”

ಅಣ್ಣನ ಮುಖ ಸುಟ್ಟ ಹಾಗಾಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದ. ಈ ಸ್ಪರ್ಧೆಗೆ ಹೋಗು. ಅಲ್ಲಿ ಏನಾದರೂ ಆದರೆ ಡೋಲನ್ನು ಬಿಟ್ಟುಬಿಡಬೇಕು, ಮತ್ತೆ ಮಾತಿಲ್ಲ. ಅತ್ತಿಗೆ ಆಗಲಿ ಎಂದು ಅವನ ಕೈಗೆ ಕೈ ತಟ್ಟಿದಳು. 

ಇನ್ನು ಮಾಸ್ತರದ್ದು. ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರೆದುರಿಗೆ ನಾನು ವಿಡಿಯೋ ತೋರಿಸಿದೆ. ಹಿರಿಯರಿಗೆ ಹಾಗೆ ಮಾಡಬಾರದಿತ್ತು, ಗೊತ್ತು, ಆದರೆ ನನ್ನ ಹೆಸರು ಪಟಾಕಿ. ಅವರಿಗೆ ಕೆಂಡದಂಥ ಕೋಪ ಬಂತು. ನಲವತ್ತು ವರ್ಷದಲ್ಲಿ ನನ್ನ ಬ್ಯಾಂಡು ನಿಂತಿಲ್ಲ, ನಿಮ್ಮ ತಾತನ ಕಾಲದಿಂದ ನಿಂತಿಲ್ಲ ಎಂದು ಶುರು ಮಾಡಿದರು. ಮಾತಿನ ನಡುವೆ ಫೋನಿನಲ್ಲಿ ಅವರದೇ ನೀಲಿ ಬೆರಳು ಸುತ್ತುವುದು ಕಂಡಿತು. ಮಾತು ಅಲ್ಲಿಗೇ ನಿಂತಿತು. ಲಯ ಹಾಕುವ ಕೋಲನ್ನು ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದರು. ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲ. ನಾನು ಮನೆಗೆ ಹೋಗಿ ತಪ್ಪಾಯಿತು ಎಂದರೆ ಬಾಗಿಲ ಹಿಂದಿನಿಂದಲೇ ಹೋಗಮ್ಮ ಎಂದರು. ಮೂರನೆಯ ವಾರ ತಾವಾಗಿಯೇ ಬಂದರು. ಎಡಗೈಗೆ ಸೆಕೆಂಡಿನ ಮುಳ್ಳಿರುವ ಒಂದು ವಾಚು ಕಟ್ಟಿಕೊಂಡಿದ್ದರು. ಯಾರನ್ನೂ ನೋಡದೆ, ಗುಡುಗು, ನೀನು ಬೀಳು, ನೋಡೋಣ ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಆಟ. ಬೀಳುವ ಅಭ್ಯಾಸ! ಬೇರೆ ಬ್ಯಾಂಡುಗಳು ಹಾಡು ತಿದ್ದುತ್ತಿದ್ದರೆ ನಾವು ನಿಲ್ಲುವುದನ್ನು ಕಲಿಯುತ್ತಿದ್ದೆವು. ಡೋಲಿನ ಪಟ್ಟಿಯ ಗಂಟು ತೆಗೆಸಿ, ಒಂದೇ ಎಳೆತಕ್ಕೆ ಬಿಚ್ಚುವ ಕೊಕ್ಕೆ ಹಾಕಿಸಿದೆವು. ಅತ್ತಿಗೆ ರಟ್ಟಿನ ಹಾಳೆಗಳ ಮೇಲೆ ಬೀಳುತ್ತಿದ್ದಳು. ಮೊದಲ ಸಲ ಮಾಸ್ತರ ಬಲಗೈ ನಿಂತಿತು, ಎಡಗೈ ತನ್ನ ಪಾಡಿಗೆ ತಾನು ಸುತ್ತು ಹಾಕಿತು. ಅರ್ಧ ಬ್ಯಾಂಡು ನಿಂತಿತು, ಅರ್ಧ ಮೊದಲಿನಿಂದ ಹೊರಟಿತು. ಎರಡನೆಯ ಸಲ ಎಲ್ಲರೂ ನಿಂತರು, ಟ್ರಾಂಬೋನಿನ ದಪ್ಪಣ್ಣ ಮಾತ್ರ ಕಣ್ಣು ಮುಚ್ಚಿ ಭರ್ಜರಿಯಾಗಿ ಊದುತ್ತಲೇ ಇದ್ದ. ಬಿದ್ದವಳು ನಗುತ್ತಾ ಹೊಟ್ಟೆ ಹಿಡಿದುಕೊಂಡಳು. ಮಾಸ್ತರು ರೋಗಿ ನಗಬಾರದು ಎಂದು ಗದರಿದರು.

ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸುತ್ತ ನಿಲ್ಲುವ ಗೋಡೆ ಹಾಗೇ ಇರಲಿ, ಆದರೆ ಸದ್ದಿಲ್ಲದೆ. ಕ್ಯಾಂಟೀನಿನ ಅಕ್ಕನ ಗಂಡ ಟೋಪಿ ಮಡಚಿ ಅವಳ ತಲೆಯಡಿ ಇಡಬೇಕು. ಹಿಂದೊಮ್ಮೆ ನಾಲಿಗೆ ಕಚ್ಚಿಕೊಳ್ಳಬಾರದೆಂದು ಅವಳ ಬಾಯಿಗೆ ಚಮಚ ತುರುಕಿ ಒಂದು ಹಲ್ಲಿನ ತುದಿ ಮುರಿದಿದ್ದವನು ಅವನೇ. ಬಾಯಿಗೆ ಏನೂ ಹಾಕಬಾರದು, ನೀರೂ ಬೇಡ, ಕೈಕಾಲು ಅದುಮಿ ಹಿಡಿಯುವುದೂ ಬೇಡ ಎಂದು ನಾನು ಹಾಳೆ ಓದಿದಾಗ ಪಾಪ, ಕಿವಿಯವರೆಗೆ ಕೆಂಪಾದ. ಕುತ್ತಿಗೆಯ ಗುಂಡಿ ಬಿಚ್ಚಿ, ಪಕ್ಕಕ್ಕೆ ಹೊರಳಿಸಿ, ಉಸಿರು ನೋಡುವುದು ನನ್ನ ಕೆಲಸ. ಸ್ಪ್ರೇ ನನ್ನ ಕೊರಳಿನ ಚೀಲದಲ್ಲಿ. ಆಂಬುಲೆನ್ಸಿಗೆ ಹೇಳಬೇಕಾದ ವಿಳಾಸವನ್ನು ಕ್ಲಾರಿನೆಟ್ಟಿನ ಚಿಕ್ಕಮ್ಮ ಬಾಯಿಪಾಠ ಮಾಡಿದಳು. ಮಾಸ್ತರ ಪಾಲಿಗೆ ವಾಚು ನೋಡಿ ಪ್ರತಿ ನಿಮಿಷವನ್ನೂ ಗಟ್ಟಿಯಾಗಿ ಕೂಗುವುದು. ಹನ್ನೊಂದು ಸಲ ಮಾಡಿದೆವು. ಎಂಟನೆಯ ಸಲ ಅತ್ತಿಗೆ ರಟ್ಟಿನ ಮೇಲೆ ನಿಜಕ್ಕೂ ನಿದ್ದೆ ಹೋಗಿದ್ದಳು.

ಹೊಸ ಮಾತ್ರೆ ಅವಳಿಗೆ ಒಗ್ಗಿತು. ಕೈಯ ಭಾರ ಇಳಿಯಿತು, ಒಂದು ಮಾತ್ರೆಯೂ ತಪ್ಪಲಿಲ್ಲ. ಐದು ವಾರ ಏನೂ ಆಗಲಿಲ್ಲ. ಡೋಲು ಹೇಗೆ ನುಡಿಯುತ್ತಿತ್ತೆಂದರೆ, ಮಾಸ್ತರು ಒಂದು ದಿನ ಕೋಲು ಕೆಳಗಿಟ್ಟು ಸುಮ್ಮನೆ ಕೇಳುತ್ತಾ ನಿಂತುಬಿಟ್ಟರು. ತೊಂದರೆಯಾದದ್ದು ಒಂದೇ, ಸ್ಪರ್ಧೆಯ ಹಿಂದಿನ ರಾತ್ರಿ ಅವಳಿಗೆ ಖುಷಿಗೆ ನಿದ್ದೆ ಹತ್ತಲಿಲ್ಲ. ನಮಗೆ ಹೇಳಲೂ ಇಲ್ಲ.

ಬೆಳಿಗ್ಗೆ ದೊಡ್ಡ ಮೈದಾನ. ಒಂಬತ್ತು ಬ್ಯಾಂಡು, ನಮ್ಮದು ನಾಲ್ಕನೆಯದು. ಹೊಸ ಟೋಪಿ, ಉಜ್ಜಿ ಉಜ್ಜಿ ಕನ್ನಡಿಯಾದ ಹಿತ್ತಾಳೆ, ಮೆಟ್ಟಿಲುಗಳ ತುಂಬ ಜನ. ಅಣ್ಣ ಆ ದಿನ ರಜೆ ಹಾಕಿ ಬೇಲಿಯಾಚೆ ಮೊದಲ ಸಾಲಿನಲ್ಲಿ ಕೂತಿದ್ದ. ಅತ್ತಿಗೆ ಮೊದಲ ಏಟು ಹಾಕಿದಳು, ಜನರೆಲ್ಲ ಒಂದು ಸಲ ನೆಟ್ಟಗೆ ಕೂತರು.  ಗೆದ್ದೆವು ಎಂದುಕೊಂಡೆ, ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣದಲ್ಲಿ ಗೆದ್ದೇ ಇದ್ದೆವು. ಮೆಲುಭಾಗ ಮುಗಿಯಿತು. ಅವಳು ಕಡ್ಡಿ ಮೇಲೆತ್ತಿದಳು, ಅದು ಕೆಳಗೆ ಬರಲಿಲ್ಲ. ಅವಳ ಕುತ್ತಿಗೆ ಬಿಗಿಯುವುದು ಹಿಂದಿನಿಂದ ನನಗೆ ಕಂಡಿತು.

ನಾನು ಕೊಕ್ಕೆ ಎಳೆದೆ, ಅವಳನ್ನು ನನ್ನ ಮೈಮೇಲೆ ಆತುಕೊಂಡು ನೆಲಕ್ಕಿಳಿಸಿದೆ. ಡೋಲು ಅತ್ತ ಉರುಳಿತು. ಮಾಸ್ತರ ಎರಡೂ ಕೈ ಕೆಳಗಿಳಿದವು. ಬ್ಯಾಂಡು ನಿಂತಿತು. ದಪ್ಪಣ್ಣನೂ ನಿಂತ. ಅಷ್ಟು ದೊಡ್ಡ ಮೈದಾನದಲ್ಲಿ ಬಾವುಟದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ನನ್ನ ತಲೆಯ ಮೇಲಿಂದ ಮಾಸ್ತರ ದನಿ ಬಂತು: “ಒಂದು.”

ಆಮೇಲೆ ನನಗೆ ಅವಳ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ತುಟಿ ನೀಲಿಗಟ್ಟಿತು, ಬಾಯಿಯ ಅಂಚಿನಿಂದ ನೊರೆ ಇಳಿಯಿತು, ನಾನು ಒರೆಸಿದೆ. ಎರಡು ಎಂದರು, ಮೂರು ಎಂದರು. ಒಂದೊಂದು ನಿಮಿಷವೂ ಒಂದೊಂದು ವರ್ಷ. ನಿಲ್ಲೇ, ನಿಲ್ಲೇ ತಾಯಿ ಎಂದು ಅವಳ ಮೈಗೆ ಹೇಳುತ್ತಿದ್ದೆ. ನಿಲ್ಲಲಿಲ್ಲ. ಐದು ಎಂದ ತಕ್ಷಣ ಸ್ಪ್ರೇಯ ತುದಿಯನ್ನು ಮೂಗಿಗಿಟ್ಟು ಒತ್ತಿದೆ. ಚಿಕ್ಕಮ್ಮ ಫೋನಿನಲ್ಲಿ ವಿಳಾಸ ಹೇಳುವುದು ಕೇಳಿಸಿತು, ಒಂದಕ್ಷರ ತಪ್ಪಲಿಲ್ಲ. ಆರು ಎಂದರು. ಏಳು ಎಂದು ಸ್ವಲ್ಪ ಹೊತ್ತಿಗೆ ಅವಳ ಕೈ ಸಡಿಲವಾಯಿತು, ಆಮೇಲೆ ಕಾಲು. ಅವಳು ದೀರ್ಘವಾಗಿ ಗೊರಕೆಯಂಥ ಉಸಿರು ಎಳೆದುಕೊಂಡಳು. ಅಷ್ಟು ಚೆಂದದ ಸದ್ದನ್ನು ನಾನು ಯಾವ ಹಾಡಿನಲ್ಲೂ ಕೇಳಿಲ್ಲ.

ಆಸ್ಪತ್ರೆಯಲ್ಲಿ ಅವಳು ಎರಡು ಗಂಟೆ ಮಲಗಿದಳು. ಡಾಕ್ಟರಮ್ಮ ಕೇಳಿದರು, ಎಷ್ಟು ಹೊತ್ತು? ಏಳು ನಿಮಿಷ ಹತ್ತು ಸೆಕೆಂಡು ಎಂದರು ಮಾಸ್ತರು. ಡಾಕ್ಟರಮ್ಮ ಬರೆದುಕೊಂಡು, ಈ ಸಲ ಹುಬ್ಬು ಗಂಟಿಕ್ಕಲಿಲ್ಲ. ಔಷಧ ಕೆಲಸ ಮಾಡಿದೆ, ಮುಂದಿನ ದಾರಿ ಈಗ ಗೊತ್ತಿದೆ ಎಂದರು. ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೆ ಬಂದಾಗ ಅತ್ತಿಗೆ ಕಣ್ಣು ಬಿಟ್ಟಳು. ಬೇರೆ ಸಲವಾಗಿದ್ದರೆ ಸಂಜೆಯವರೆಗೂ ನನ್ನ ಗುರುತು ಹತ್ತುತ್ತಿರಲಿಲ್ಲ. ಈಗ ನನ್ನನ್ನು ನೋಡಿ ಟೋಪಿ ಸೊಟ್ಟಗಿದೆ ಎಂದಳು. ನಾನು ಅಳುತ್ತಾ ನಕ್ಕೆ, ನಗುತ್ತಾ ಅತ್ತೆ.

ಆಮೇಲೆ ಅವಳು ಮಾಸ್ತರ ಕಡೆ ತಿರುಗಿ, ಅಲ್ಲಿ ಏನೇನಾಯಿತೋ ಎಲ್ಲವನ್ನೂ ಹೇಳಿ ಎಂದಳು. ಇಷ್ಟು ವರ್ಷ ಬಿದ್ದಿದ್ದೇನೆ, ಒಂದು ಸಲವೂ ನಾನು ಅಲ್ಲಿರಲಿಲ್ಲ, ಯಾರೂ ನನಗೆ ಹೇಳಿಲ್ಲ.  ಮೊದಲು ಮಾಸ್ತರದೇ ಒಂದು ಮಾತು ಹೊರಗೆ ಬಂತು. ಹಿಂದೆ ಮೂರು ಸಲವೂ ತಾವು ತಿರುಗಿ ನೋಡಿರಲಿಲ್ಲವಂತೆ. ನೋಡಲು ಹೆದರಿಕೆಯಾಗಿ ಬೆನ್ನು ಹಾಕಿಕೊಂಡೇ ಬೆರಳು ಸುತ್ತಿಸುತ್ತಿದ್ದರಂತೆ. ನಿಯಮ ಎಂದು ಹೇಳಿಕೊಂಡದ್ದೆಲ್ಲ ಹೆದರಿಕೆ ಎಂದರು. ಅಷ್ಟು ಹೇಳಿ, ವಾಚು ನೋಡುತ್ತಾ, ಅದರಲ್ಲೇ ಬರೆದಿದೆಯೇನೋ ಎಂಬಂತೆ ಒಂದೊಂದೇ ನಿಮಿಷವನ್ನು ಒಪ್ಪಿಸಿದರು.

“ಒಂದನೇ ನಿಮಿಷ, ನಿನ್ನ ನಾದಿನಿ ನಿನ್ನನ್ನ ಪಕ್ಕಕ್ಕೆ ಹೊರಳಿಸಿದ್ಲು. ಎರಡು, ಜನ ಎದ್ರು, ಆದ್ರೆ ಯಾರೂ ನುಗ್ಗಲಿಲ್ಲ. ನಲವತ್ತು ವರ್ಷ ನಾನು ಸುಳ್ಳೇ ಹೆದರಿದ್ದೆ ಕಣಮ್ಮ. ಮೂರನೇ ನಿಮಿಷ, ನಿನ್ನ ಗಂಡ ಬೇಲಿ ಹಾರಿದ.”

ನಾನು ಬೆಚ್ಚಿ ತಲೆಯೆತ್ತಿದೆ. ಇದು ನನಗೂ ಗೊತ್ತಿರಲಿಲ್ಲ. ಅಣ್ಣ ಬಾಗಿಲ ಹತ್ತಿರ ನಿಂತಿದ್ದ, ಅವನ ಪ್ಯಾಂಟಿನ ಮೊಣಕಾಲು ಹರಿದಿತ್ತು. ಹೊರಗೆ ಓಡಿರುತ್ತಾನೆ ಎಂದು ನಾನು ಅವನನ್ನು ಹುಡುಕಿರಲೂ ಇಲ್ಲ.

“ನಾಲ್ಕು, ನಿನ್ನ ಕಾಲ ಹತ್ತಿರ ಕೂತ. ಐದು, ಆರು, ಏಳು, ಕೂತೇ ಇದ್ದ. ಕಣ್ಣು ಮುಚ್ಚಲಿಲ್ಲ, ನಾನು ನೋಡಿದ್ದೀನಿ.”

ಅತ್ತಿಗೆ ಅಣ್ಣನ ಕಡೆ ತಿರುಗಿದಳು. ಆಮೇಲೆ ಕೊಟ್ಟ ಮಾತು ಮಾತೇ, ಡೋಲನ್ನು ಇವತ್ತಿಗೆ ಬಿಟ್ಟೆ ಎಂದಳು. ಹೊದಿಕೆಯ ಮೇಲೆ ಅವಳ ಬಲಗೈ ಕಡ್ಡಿ ಹಿಡಿಯುವ ಹಾಗೆಯೇ ಮಡಚಿಕೊಂಡಿತು. ನಾನು ಅಣ್ಣನ ಮೇಲೆ ಹಾರಿಬೀಳಲು ಎದ್ದು ನಿಂತೆ. ಅವನು ನನ್ನನ್ನು 'ಸುಮ್ಮನಿರೇ' ಎಂದು ಪಕ್ಕಕ್ಕೆ ಸರಿಸಿ, ಮಾಸ್ತರ ಮುಂದೆ ಕೈ ಚಾಚಿದ.

“ಮಾಸ್ತರೇ, ಎರಡೆರಡು ಕೆಲಸ ಒಟ್ಟಿಗೆ ಮಾಡಬೇಡಿ. ನೀವು ಬ್ಯಾಂಡ್ ನೋಡ್ಕೊಳ್ಳಿ. ಅವಳು ಬಾರಿಸೋ ಕಡೆಗೆಲ್ಲ ನಾನು ಬರ್ತೀನಿ. ಆ ವಾಚು ನನಗೆ ಕೊಡಿ.”

ಮಾಸ್ತರು ಮಣಿಕಟ್ಟಿನ ಪಟ್ಟಿ ಬಿಚ್ಚತೊಡಗಿದರು.